ಗುರಿ ಮತ್ತು ಕರೆ

ನನಗೆ ಬಹುಕಾಲದಿಂದ ಪರಿಚಿತರಾದ ಸಭಾಪಾಲಕರೊಬ್ಬರಿದ್ದಾರೆ. ನಾನು ಅವರ ಸಭೆಗೆ ಸೇರಿದವನಲ್ಲ; ಆದರೂ ಧರ್ಮದ ವಿಷಯವನ್ನು ಮುಚ್ಚುಮರೆಯಿಲ್ಲದೆ ಮಾತನಾಡಿಕೊಳ್ಳುವಷ್ಟು ಸಲುಗೆ ನಮ್ಮಲ್ಲಿದೆ. ಪ್ರತಿ ವರ್ಷ ಡಿಸೆಂಬರ್ 31ರ ರಾತ್ರಿ ಅವರ ದೇವಾಲಯದಲ್ಲಿ ಹಳೆಯ ವರ್ಷವನ್ನು ಬೀಳ್ಕೊಡುವ ಆರಾಧನೆ ನಡೆಯುತ್ತದೆ. ಅದನ್ನು ಮುಗಿಸಿಕೊಂಡು ಮನೆಗೆ ಬಂದ ಮೇಲೆ, ಮಲಗುವುದಕ್ಕೆ ಮುಂಚೆ, ಮುಂದಿನ ವರ್ಷ ತಾವು ಮಾಡಬೇಕೆಂದಿರುವ ಕೆಲಸಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅವರ ಪದ್ಧತಿ. ಹನ್ನೆರಡು ತಿಂಗಳಿಗೆ ಹನ್ನೆರಡು ಕೆಲಸ ಎಂಬುದು ಅವರ ಲೆಕ್ಕ.

ಒಂದು ವರ್ಷ ಅವರು ಹಳ್ಳಿಯೊಂದರಲ್ಲಿದ್ದರು. ಆ ವರ್ಷದ ಪಟ್ಟಿಯನ್ನು ನನಗೆ ತೋರಿಸಿದ್ದುಂಟು. ಕೂಲಿಯವರ ಮಕ್ಕಳಿಗಾಗಿ ರಾತ್ರಿಶಾಲೆ ತೆರೆಯಬೇಕು. ಸಭೆಗೆ ಸೇರಿದ ಪ್ರತಿಯೊಂದು ಮನೆಗೂ ವರ್ಷಕ್ಕೆ ಎರಡು ಬಾರಿಯಾದರೂ ಹೋಗಬೇಕು. ಹಳೆಯ ಒಡಂಬಡಿಕೆಯನ್ನು ಆದ್ಯಂತವಾಗಿ ಓದಿ ಟಿಪ್ಪಣಿ ಬರೆಯಬೇಕು. ಮಾತು ಬಿಟ್ಟಿರುವ ಹಿರಿಯರೊಬ್ಬರೊಡನೆ ಮತ್ತೆ ಮಾತನಾಡಬೇಕು—ಹೀಗೆ. ರಾತ್ರಿಶಾಲೆ ಆರಂಭವಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ಜೂನ್ ತಿಂಗಳಲ್ಲಿ ಮೇಲಿನವರಿಂದ ಕಾಗದ ಬಂತು: ಪಟ್ಟಣದ ವಿದ್ಯಾರ್ಥಿನಿಲಯದ ಮೇಲ್ವಿಚಾರಕರು ಹಾಸಿಗೆ ಹಿಡಿದಿದ್ದಾರೆ, ತಾವು ಕೂಡಲೇ ಹೊರಟು ಬರಬೇಕು ಎಂದು. ಇವರು ಹೋದರು. ಎಲ್ಲಿಯ ರಾತ್ರಿಶಾಲೆ, ಎಲ್ಲಿಯ ಅಕ್ಕಿಬೇಳೆಯ ಲೆಕ್ಕಪತ್ರ! ವರ್ಷದ ಕೊನೆಗೆ ನೋಟ್‌ಬುಕ್ಕು ತೆರೆದು ನೋಡಿದರೆ ಹನ್ನೆರಡರಲ್ಲಿ ಮೂರು ಮಾತ್ರ ನೆರವೇರಿದ್ದುವು. ಮರುದಿನ ನನ್ನನ್ನು ಕಂಡಾಗ ಅವರು ಕೇಳಿದ ಮಾತು ಇಷ್ಟೆ: “ಹೇಳಿ, ನಾನು ಸೋತೆನೊ? ಅಥವಾ ದೇವರು ನನ್ನನ್ನು ಬೇರೆ ಕಡೆಗೆ ತಿರುಗಿಸಿದನೊ?”

ಆಗ ನನಗೆ ಉತ್ತರ ಹೊಳೆಯಲಿಲ್ಲ. ಪ್ರಶ್ನೆಯನ್ನು ಮಾತ್ರ ಮರೆಯಲಾಗಲಿಲ್ಲ.

ಇಂಥ ಪ್ರಶ್ನೆಗೆ ಲೋಕದಲ್ಲಿ ಎರಡು ಸಿದ್ಧ ಉತ್ತರಗಳುಂಟು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂಬ ಗಾದೆ ನಮ್ಮ ಹಳ್ಳಿಯ ಮುದುಕಿಗೂ ಗೊತ್ತು. ಹಾಗೆಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುವುದು ಒಂದು. ಹಿಡಿದದ್ದನ್ನು ಸಾಧಿಸಿಯೇ ಬಿಡಬೇಕು, ಅಡ್ಡಿ ಬಂದರೆ ಮುರಿದು ಮುಂದೆ ಹೋಗಬೇಕು ಎಂದು ಛಲವನ್ನು ಹೊಗಳುವುದು ಇನ್ನೊಂದು. ಮೊದಲನೆಯ ಉತ್ತರದಲ್ಲಿ ಸಮಾಧಾನವಿದೆ, ಹೊಣೆಯಿಲ್ಲ. ಎರಡನೆಯದರಲ್ಲಿ ಹೊಣೆಯಿದೆ, ಆದರೆ ಕಿವಿಯಿಲ್ಲ. ಸೇವೆಗೆಂದು ಬಾಳನ್ನು ಮುಡಿಪಿಟ್ಟವನಿಗೆ ಹೊಣೆಯೂ ಬೇಕು, ಕಿವಿಯೂ ಬೇಕು. ಅವನ ಕಷ್ಟವೆಲ್ಲ ಇಲ್ಲಿಯೇ ಇದೆ.

ಕ್ರೈಸ್ತರ ಮೂಲಗ್ರಂಥವನ್ನೇ ತೆರೆದು ನೋಡಿದರೆ, ಅವರ ಅಪೊಸ್ತಲರಲ್ಲಿ ಅತ್ಯಂತ ಹೆಚ್ಚು ಯೋಜನೆ ಹಾಕಿದವನೂ ಪೌಲನೇ, ಯೋಜನೆ ತಲೆಕೆಳಗಾದದ್ದನ್ನು ಹೆಚ್ಚಾಗಿ ಕಂಡವನೂ ಪೌಲನೇ ಎಂದು ತೋರುತ್ತದೆ. ಆತ ಆಸ್ಯಸೀಮೆಯಲ್ಲಿ ಬೋಧಿಸಬೇಕೆಂದು ಹೊರಟ, ತಡೆಯಾಯಿತು. ಬಿಥೂನ್ಯಕ್ಕೆ ಹೋಗಲು ಯತ್ನಿಸಿದ, ಅದಕ್ಕೂ ತಡೆ. ಕೊನೆಗೆ ತ್ರೋವ ಎಂಬ ಕಡಲತೀರದ ಊರಿಗೆ ಬಂದು ನಿಂತ. ಅಲ್ಲಿ ಒಂದು ರಾತ್ರಿ, ಮಕೆದೋನ್ಯದ ಗಂಡಸೊಬ್ಬನು ನಿಂತು ನಮ್ಮ ನೆರವಿಗೆ ಬಾ ಎಂದು ಬೇಡಿಕೊಂಡಂತೆ ದರ್ಶನವಾಯಿತು. ಹಡಗು ಹತ್ತಿದ, ಫಿಲಿಪ್ಪಿ ಎಂಬ ಪಟ್ಟಣಕ್ಕೆ ಬಂದ. ಅಲ್ಲಿ ಮೊದಲು ಅವನ ಮಾತಿಗೆ ಕಿವಿಗೊಟ್ಟವರು ಯಾರು? ದರ್ಶನದಲ್ಲಿ ಕಂಡ ಗಂಡಸಲ್ಲ. ನದಿಯ ದಡದಲ್ಲಿ ಪ್ರಾರ್ಥನೆಗೆ ಕೂಡಿದ್ದ ಹೆಂಗಸರು. ಬಣ್ಣದ ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಲುದ್ಯ ಎಂಬಾಕೆ ಅವರಲ್ಲಿ ಮುಖ್ಯಳು. ಅಂದರೆ, ದೈವಪ್ರೇರಣೆಯಿಂದ ಬಂದ ಯೋಜನೆ ಕೂಡ ತಾನು ಊಹಿಸಿದ ರೂಪದಲ್ಲಿ ಎದುರು ಬರಲಿಲ್ಲ. ಪೌಲನ ಹಿರಿಮೆಯೆಂದರೆ, ಕನಸಿನಲ್ಲಿ ಕಂಡವನನ್ನೇ ಹುಡುಕುತ್ತೇನೆಂದು ನದಿಯ ದಡವನ್ನು ದಾಟಿಹೋಗದೆ, ಎದುರಿಗಿದ್ದವರೊಡನೆ ಕುಳಿತುಕೊಂಡದ್ದು.

ಮುಂದೆ ಆತ ರೋಮಿನ ಸಭೆಗೆ ಬರೆದ ಪತ್ರದಲ್ಲಿ, ತಾನು ಸ್ಪೇನಿಗೆ ಹೋಗುವವನಿದ್ದೇನೆ, ದಾರಿಯಲ್ಲಿ ನಿಮ್ಮನ್ನು ಕಂಡು ಹೋಗುತ್ತೇನೆ ಎಂದು ತಿಳಿಸಿದ. ರೋಮಿಗೇನೋ ಹೋದ, ಕೈದಿಯಾಗಿ, ಕಾವಲುಗಾರರೊಡನೆ ಹೋದ. ಸ್ಪೇನನ್ನು ಮುಟ್ಟಿದನೆಂದು ಹೊಸ ಒಡಂಬಡಿಕೆ ಎಲ್ಲಿಯೂ ಹೇಳುವುದಿಲ್ಲ. ಇಷ್ಟಾದರೂ ಗುರಿಯ ಮಾತನ್ನು ಆತ ಬಿಡಲಿಲ್ಲ. ಹಿಂದಿನದನ್ನು ಮರೆತು ಮುಂದಿರುವ ಗುರಿಯ ಕಡೆಗೆ ಓಡುತ್ತಿದ್ದೇನೆ ಎಂಬ ಅರ್ಥದ ಪ್ರಸಿದ್ಧ ಮಾತನ್ನು ಅದೇ ಫಿಲಿಪ್ಪಿಯವರಿಗೆ ಬರೆದದ್ದು ಸೆರೆಯಲ್ಲಿದ್ದಾಗ. ಕಾಲಿಗೆ ಬೇಡಿ ಬಿದ್ದವನು ಓಟದ ಮಾತನ್ನಾಡುತ್ತಾನೆ! ಹಾಗಿದ್ದಲ್ಲಿ ಆತನ ಗುರಿ ಸ್ಪೇನ್ ಆಗಿರಲಿಕ್ಕಿಲ್ಲ. ಸ್ಪೇನ್ ಆ ದಾರಿಯ ಒಂದು ತಂಗುದಾಣವಾಗಿತ್ತು, ಅಷ್ಟೆ.

ದೂರದ ಪೌಲನನ್ನು ಬಿಟ್ಟು ನಮ್ಮ ನಾಡಿಗೆ ಬರೋಣ. ಫರ್ಡಿನೆಂಡ್ ಕಿಟೆಲ್ಲರ ಹೆಸರನ್ನು ಕೇಳದ ಕನ್ನಡಿಗರು ಕಡಮೆ. ಅವರೆಂದರೆ ನಮಗೆ ನಿಘಂಟು. ಆದರೆ ಅವರು ಇಲ್ಲಿಗೆ ಬಂದದ್ದು ನಿಘಂಟು ಮಾಡುವುದಕ್ಕಲ್ಲ. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿಗೆ ಸೇರಿ, 1853ರಲ್ಲಿ ಈ ನೆಲಕ್ಕೆ ಕಾಲಿಟ್ಟಾಗ ಆ ಇಪ್ಪತ್ತೊಂದರ ತರುಣನ ಗುರಿ ಸುವಾರ್ತೆಯನ್ನು ಸಾರುವುದು. ಅದನ್ನು ತನ್ನದೇ ಆದ ಒಂದು ರೀತಿಯಲ್ಲಿ ಸಾರಬೇಕೆಂಬ ಹಂಬಲವೂ ಇತ್ತು. ಇಲ್ಲಿಯ ಜನರೊಡನೆ ಇಲ್ಲಿಯವನಂತೆಯೇ ಇರಬೇಕು, ಕುದುರೆ ಬೇಡ, ಕಾಲ್ನಡಿಗೆಯಲ್ಲಿ ಊರೂರು ತಿರುಗಬೇಕು ಎಂದು ಹೊರಟರು. ಈ ರೀತಿ ಜೊತೆಯ ಮಿಷನರಿಗಳಿಗೂ ಹಿಡಿಸಲಿಲ್ಲ, ಮೇಲಿನವರಿಗೂ ಹಿಡಿಸಲಿಲ್ಲ. ತಿಕ್ಕಾಟವಾಯಿತು. ಧಾರವಾಡದ ಕಡೆಯಿಂದ ಅವರನ್ನು ಬೇರೆಡೆಗೆ ಕಳುಹಿಸಿದರು. ನೀಲಗಿರಿಯಲ್ಲಿಯೂ ಕೆಲವು ಕಾಲ ಇರಬೇಕಾಯಿತು. ಕ್ರಮೇಣ ಅವರ ಪಾಲಿಗೆ ಬಂದದ್ದು ಬರವಣಿಗೆಯ ಮೇಜು, ಅಚ್ಚುಕೂಟದ ಕರಡು, ತಾಳೆಗರಿಯ ಕಟ್ಟು. ಬೋಧಕನಾಗಿ ಹೊರಟವನಿಗೆ ಇದು ಒಂದು ಬಗೆಯ ಮೂಲೆಗುಂಪಲ್ಲವೆ?

ಆ ಮೂಲೆಯಲ್ಲಿ ಕಿಟೆಲ್ಲರು ಏನು ಮಾಡಿದರೆಂಬುದನ್ನು ನಾವು ಬಲ್ಲೆವು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೂ ಸಂಪಾದಿಸಿ ಅಚ್ಚುಮಾಡಿಸಿದರು. ನಡುವೆ ಸಂಸಾರದಲ್ಲಿ ಸಾವು ಬಂತು. ಮೊದಲ ಹೆಂಡತಿ 1864ರಲ್ಲಿ ತೀರಿಕೊಂಡರು. ತಾಯ್ನಾಡಿಗೆ ಹೋದದ್ದೂ ಆಯಿತು, ಅಲ್ಲಿಂದ ಮರಳಿ ಬಂದದ್ದೂ ಆಯಿತು. ಇಪ್ಪತ್ತು ವರ್ಷಗಳ ದುಡಿಮೆಯ ಫಲವಾಗಿ 1894ರಲ್ಲಿ ಮಂಗಳೂರಿನಲ್ಲಿ ಆ ನಿಘಂಟು ಹೊರಬಂತು. ಸುಮಾರು 70,000 ಶಬ್ದಗಳು. 1700ಕ್ಕೂ ಮಿಕ್ಕ ಪುಟಗಳು. 1903ರಲ್ಲಿ ವ್ಯಾಕರಣವನ್ನು ಪ್ರಕಟಿಸಿ, ಅದೇ ವರ್ಷದ ಕೊನೆಗೆ ಟ್ಯೂಬಿಂಗನ್ನಿನಲ್ಲಿ ಕಣ್ಣು ಮುಚ್ಚಿದರು. 2006ರಲ್ಲಿ ಅವರನ್ನು ಕುರಿತು ಹೊರಬಂದ ವಿದ್ವತ್‌ಗ್ರಂಥವೊಂದರ ಹೆಸರಿನಲ್ಲಿಯೇ ಆರಂಭದ ಸೋಲು ಮತ್ತು ಮರಣಾನಂತರದ ಗೆಲುವು ಎಂಬ ಮಾತುಗಳಿವೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಿಟೆಲ್ಲರ ಕಥೆಯನ್ನು ಹೇಳಿ, ನೋಡಿ, ಅಡ್ಡಿಯೇ ಆಶೀರ್ವಾದವಾಯಿತು ಎಂದು ಮುಗಿಸುವುದು ಬಹಳ ಸುಲಭ. ಕಾಲವೆಲ್ಲ ಕಳೆದ ಮೇಲೆ, ಬೆಂಗಳೂರಿನಲ್ಲಿ ಅವರ ಪ್ರತಿಮೆ ನಿಂತ ಮೇಲೆ, ಆ ಮಾತನ್ನು ಯಾರು ಬೇಕಾದರೂ ಆಡಬಹುದು. ಆದರೆ ಸಾವಿರಾರು ಚೀಟಿಗಳ ನಡುವೆ ಅವರು ಕುಳಿತಿದ್ದಾಗ ಪ್ರತಿಮೆಯಿರಲಿಲ್ಲ. ಪುಸ್ತಕ ಮುಗಿಯುವುದೆಂಬ ಭರವಸೆ ಕೂಡ ಇರಲಿಲ್ಲ. ಹೀಗೆ ತಿರುಗಿದ ದಾರಿಯಲ್ಲಿ ನಡೆದು ಹೆಸರಿಲ್ಲದೆ ಹೋದವರೂ ಎಷ್ಟೋ ಮಂದಿ ಇರಬೇಕು. ಅವರ ಬಾಳು ವ್ಯರ್ಥವಾಯಿತೆನ್ನೋಣವೆ? ಬದಲಾವಣೆ ಸರಿಯೊ ತಪ್ಪೊ ಎಂಬುದನ್ನು ಅದರ ಫಲದಿಂದ ಅಳೆಯುವಂತಿಲ್ಲ; ಏಕೆಂದರೆ ನಿರ್ಧಾರ ಮಾಡುವ ಹೊತ್ತಿನಲ್ಲಿ ಫಲ ಕಣ್ಣಿಗೆ ಬಿದ್ದಿರುವುದಿಲ್ಲ. ಅಳತೆಗೋಲು ಬೇರೆ ಬೇಕು.

ನಾನು ನನ್ನ ಸ್ನೇಹಿತರಿಗೆ ಒಮ್ಮೆ ಗೀತೆಯ ಮಾತನ್ನು ನೆನಪು ಮಾಡಿಕೊಟ್ಟೆ: ಕೆಲಸ ನಮ್ಮದು, ಫಲ ನಮ್ಮದಲ್ಲ ಎಂದುಕೊಂಡರೆ ಈ ಸಂಕಟವಿಲ್ಲವಲ್ಲ ಎಂದು. ಅವರು ಸ್ವಲ್ಪ ಹೊತ್ತು ಯೋಚಿಸಿ, “ಅದು ದೊಡ್ಡ ಮಾತು. ಆದರೆ ನನಗೆ ಬಂದಿರುವ ಕಷ್ಟ ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಫಲವನ್ನು ಬಿಟ್ಟುಕೊಡಲು ನಾನು ಸಿದ್ಧ. ಇಲ್ಲಿ ಕೆಲಸವನ್ನೇ ಕೈಯಿಂದ ತೆಗೆದುಕೊಂಡಿದ್ದಾರೆ” ಎಂದರು. ಅವರ ಮಾತು ನಿಜ. ಬಿತ್ತಿದವನು ಬೆಳೆಯ ಆಸೆಯನ್ನು ಬಿಡಬಹುದು. ಬಿತ್ತನೆಯ ನಡುವೆಯೇ ಹೊಲವನ್ನು ಬಿಡು ಎಂದರೆ? ಅಲ್ಲಿ ಅವನು ಬಿಡಬೇಕಾದದ್ದು ಲಾಭವನ್ನಲ್ಲ. ‘ನಾನು ಇಂಥವನು, ಇಂಥ ಕೆಲಸದವನು’ ಎಂದು ತನ್ನ ಬಗ್ಗೆ ತಾನೇ ಬರೆದುಕೊಂಡಿರುವ ಚಿತ್ರವನ್ನು. ಸೇವೆಗೆ ನಿಂತವರಿಗೆ ಈ ಚಿತ್ರದ ಮೇಲಿನ ಮೋಹ ಹಣದ ಮೋಹಕ್ಕಿಂತ ದೊಡ್ಡದೆಂದು ನನಗೆ ಕಾಣುತ್ತದೆ. ಹಣದ ಮೋಹಕ್ಕೆ ನಾಚಿಕೆಯಾದರೂ ಇದೆ. ಇದಕ್ಕೆ ನಿಷ್ಠೆ ಎಂಬ ಒಳ್ಳೆಯ ಹೆಸರು ಬೇರೆ ಸಿಕ್ಕುತ್ತದೆ.

ಹಾಗಾದರೆ ಗುರಿಯೇ ಬೇಡವೆ? ಬಂದದ್ದನ್ನು ಬಂದಂತೆ ಸ್ವೀಕರಿಸಿದರೆ ಸಾಲದೆ? ಸಾಲದು. ಹೊಳೆಯ ಮೇಲೆ ದೋಣಿ ನಡೆಸುವವರನ್ನು ಕೇಳಿ ನೋಡಿ. ಹುಟ್ಟುಹಾಕಿ ಮುಂದಕ್ಕೆ ಸಾಗುತ್ತಿರುವ ದೋಣಿಯನ್ನು ಚುಕ್ಕಾಣಿಯಿಂದ ತಿರುಗಿಸಬಹುದು. ನೀರು ಒಯ್ದತ್ತ ಸುಮ್ಮನೆ ತೇಲುವ ದೋಣಿಗೆ ಚುಕ್ಕಾಣಿ ಇದ್ದೂ ಇಲ್ಲದಂತೆ. ಪೌಲನು ಬಿಥೂನ್ಯಕ್ಕೆಂದು ಹೊರಡದೆ ಮನೆಯಲ್ಲಿ ಕುಳಿತಿದ್ದರೆ ತ್ರೋವದ ಕಡಲತೀರಕ್ಕೆ ಬರುತ್ತಿರಲಿಲ್ಲ. ಕನ್ನಡಿಗರೊಡನೆ ಕನ್ನಡಿಗನಂತೆ ಇರಬೇಕೆಂದು ಕಿಟೆಲ್ಲರು ಹಂಬಲಿಸದಿದ್ದರೆ ಅವರ ಕಿವಿಗೆ ಈ ನುಡಿ ಅಷ್ಟು ಆಳವಾಗಿ ಇಳಿಯುತ್ತಿತ್ತೆ? ಮುರಿದು ಬಿದ್ದ ಗುರಿ ಕೂಡ ವ್ಯರ್ಥವಲ್ಲ. ಯೇಸುವೇ ಗೆತ್ಸೇಮನೆಯ ತೋಟದಲ್ಲಿ, ಈ ಪಾತ್ರೆ ತನ್ನಿಂದ ದೂರವಾಗಲಿ ಎಂದು ತನ್ನ ಇಚ್ಛೆಯನ್ನು ಮೊದಲು ಬಾಯಿಬಿಟ್ಟು ಹೇಳಿದ. ಆಮೇಲೆ ತಂದೆಯ ಇಚ್ಛೆಗೆ ಒಪ್ಪಿಸಿದ. ಇಚ್ಛೆಯೇ ಇಲ್ಲದವನು ಒಪ್ಪಿಸುವುದೇನನ್ನು?

ಗುರಿ ನಾವು ಇಟ್ಟುಕೊಳ್ಳುವುದು. ಕರೆ ನಮ್ಮ ಕಡೆಗೆ ಬರುವುದು. ಗುರಿಯನ್ನು ಬರೆದಿಡಬಹುದು, ಎಣಿಸಬಹುದು, ತಿಂಗಳಿಗೆ ಹಂಚಬಹುದು. ಕರೆ ಹಾಗಲ್ಲ. ಅದು ಸಾಮಾನ್ಯವಾಗಿ ಒಬ್ಬ ಮನುಷ್ಯನ ಮುಖವನ್ನು ಹೊತ್ತು, ನಮ್ಮ ಕೆಲಸದ ನಡುವೆ, ಅನುಕೂಲವಿಲ್ಲದ ಹೊತ್ತಿನಲ್ಲಿ ಬರುತ್ತದೆ. ಗುರಿಯಿರುವುದು ಕರೆಗೆ ಓಗೊಡುವುದಕ್ಕಾಗಿ. ಯಾರಿಗಾಗಿ ಗುರಿಯನ್ನು ಇಟ್ಟುಕೊಂಡೆವೊ ಅವರೇ ಬಂದು ಬಾಗಿಲು ತಟ್ಟಿದಾಗ, ನಿಮಗಾಗಿಯೇ ಕೆಲಸ ಮಾಡುತ್ತಿದ್ದೇನೆ, ಈಗ ಬಿಡುವಿಲ್ಲ ಎನ್ನುವವನು ಗುರಿಯನ್ನು ಉಳಿಸಿಕೊಂಡು ಕರೆಯನ್ನು ಕಳೆದುಕೊಂಡವನು.

ಇದಕ್ಕೆ ಪಂಡಿತಾ ರಮಾಬಾಯಿಯವರ ಬಾಳಿಗಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಆಕೆ ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಯರನ್ನು ಬರಗಾಲದಲ್ಲಿ ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1889ರಲ್ಲಿ ಮುಂಬಯಿಯಲ್ಲಿ ‘ಶಾರದಾ ಸದನ’ವನ್ನು ತೆರೆದಾಗ ಅವರ ಗುರಿ ಸ್ಪಷ್ಟವಾಗಿತ್ತು: ಮೇಲುಜಾತಿಯ ವಿಧವೆಯರಿಗೆ ವಿದ್ಯೆ ಕಲಿಸಿ ಅವರು ಸ್ವಂತ ಕಾಲಿನ ಮೇಲೆ ನಿಲ್ಲುವಂತೆ ಮಾಡುವುದು. ಮರುವರ್ಷ ಸದನ ಪುಣೆಗೆ ಬಂತು. ಬಳಿಕ 1896–97ರ ಭೀಕರ ಕ್ಷಾಮ. ಮಧ್ಯಪ್ರಾಂತಗಳಲ್ಲಿ ಹೆಣ್ಣುಮಕ್ಕಳು ದಿಕ್ಕಿಲ್ಲದೆ ಬೀದಿಯಲ್ಲಿದ್ದರು. ರಮಾಬಾಯಿ ತಾವೇ ಅಲ್ಲಿಗೆ ಹೋಗಿ, ಜಾತಿಯನ್ನು ಕೇಳದೆ, ವಿಧವೆಯೊ ಅಲ್ಲವೊ ಎಂದು ವಿಚಾರಿಸದೆ, ನೂರಾರು ಹುಡುಗಿಯರನ್ನು ಕರೆತಂದರು. ಕೆಲವರಿಗಾಗಿ ಕಟ್ಟಿದ ವಿದ್ಯಾಶಾಲೆ ಕೇಡಗಾಂವದ ಹೊಲದಲ್ಲಿ ಅನ್ನ, ಔಷಧಿ, ಕೈಕಸಬುಗಳ ದೊಡ್ಡ ಆಶ್ರಯವಾಗಿ ಬೆಳೆಯಿತು. ಮೊದಲಿನ ಯೋಜನೆಯ ಕಾಗದವನ್ನು ಹಿಡಿದು ನೋಡಿದರೆ ಇದು ಗುರಿತಪ್ಪಿದ ಸಂಸ್ಥೆ. ಆ ಹುಡುಗಿಯರ ಕಡೆಯಿಂದ ನೋಡಿದರೆ?

ಆದರೆ ಅವರ ಬಾಳಿನಲ್ಲಿಯೇ ಬದಲಾವಣೆಯ ಇನ್ನೊಂದು ಮುಖವೂ ಇದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕವಾಗದು. ಸದನದಲ್ಲಿ ಮತಪ್ರಚಾರವಿರುವುದಿಲ್ಲ ಎಂಬ ಭರವಸೆಯ ಮೇಲೆ ಅನೇಕ ಹಿಂದೂ ಮಹನೀಯರು ಅದಕ್ಕೆ ಬೆಂಬಲವಿತ್ತಿದ್ದರು. ಕಾಲಕ್ರಮದಲ್ಲಿ ರಮಾಬಾಯಿಯವರ ಭಕ್ತಿ ಗಾಢವಾಯಿತು. ಅವರ ಪ್ರಾರ್ಥನೆಯಲ್ಲಿ ಹುಡುಗಿಯರೂ ಕುಳಿತುಕೊಳ್ಳತೊಡಗಿದರು. ತಾನು ಯಾರನ್ನೂ ಬಲವಂತಪಡಿಸಿಲ್ಲ, ನನ್ನ ಪ್ರಾರ್ಥನೆಯ ಬಾಗಿಲನ್ನು ಮುಚ್ಚಲೂ ಆರೆ ಎಂಬುದು ಅವರ ನಿಲುವು. ಮಾತು ಮುರಿಯಿತೆಂಬುದು ಇನ್ನೊಂದು ಪಕ್ಷ. 1893ರಲ್ಲಿ ರಾನಡೆ, ಭಂಡಾರಕರ್ ಮೊದಲಾದವರು ಸಲಹಾಮಂಡಲಿಯಿಂದ ಹೊರಬಂದರು; ಕೆಲವು ಮನೆಯವರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಯಾರದು ಸರಿ ಎಂದು ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ನನಗೆ ಕಾಣುವುದಿಷ್ಟು: ನಮ್ಮ ಗುರಿ ಎಂದೂ ನಮ್ಮದೊಂದೇ ಆಗಿರುವುದಿಲ್ಲ. ಅದನ್ನು ನಂಬಿ ಹೆಜ್ಜೆಯಿಟ್ಟವರು ಇರುತ್ತಾರೆ. ನಾವು ತಿರುಗಿದಾಗ ಅವರ ಕಾಲ ಕೆಳಗಿನ ನೆಲವೂ ಅಲುಗುತ್ತದೆ. ದೇವರ ಮುಂದೆ ಸರಿಯೆಂದು ತೋರಿದ ಬದಲಾವಣೆಗೆ ಮನುಷ್ಯರ ಮುಂದೆಯೂ ಉತ್ತರ ಕೊಡಬೇಕಾಗುತ್ತದೆ. ಪೌಲನು ಕೊರಿಂಥಕ್ಕೆ ಬರುತ್ತೇನೆಂದು ಹೇಳಿ ಬರದೆ ಹೋದಾಗ ಅಲ್ಲಿಯವರು ಅವನನ್ನು ಚಂಚಲನೆಂದರು. ಆತ ದೇವರ ಚಿತ್ತ ಎಂದೊಂದು ಮಾತಿನಲ್ಲಿ ಅವರ ಬಾಯಿ ಮುಚ್ಚಿಸಲಿಲ್ಲ. ಕಾಗದ ಬರೆದು, ನಿಮ್ಮನ್ನು ನೋಯಿಸಬಾರದೆಂದು ಬರಲಿಲ್ಲ ಎಂದು ಕಾರಣ ಹೇಳಿದ.

ರಮಾಬಾಯಿಯವರು ಬದಲಾಯಿಸದೆ ಉಳಿಸಿಕೊಂಡ ಗುರಿಯೂ ಒಂದಿತ್ತು. ಬೈಬಲ್ಲನ್ನು ಓದುಬರಹ ಕಡಮೆಯಿರುವ ಹೆಂಗಸಿಗೂ ತಿಳಿಯುವ ಮರಾಠಿಗೆ ಮೂಲದಿಂದ ತರಬೇಕೆಂದು ಅವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಮುಂದೆ ಸಂಸ್ಥೆಯನ್ನು ನಡೆಸಬೇಕಾಗಿದ್ದ ಒಬ್ಬಳೇ ಮಗಳು ಮನೋರಮಾ 1921ರಲ್ಲಿ ತೀರಿಕೊಂಡಳು. ಕೈಬಿಡಲು ಅದಕ್ಕಿಂತ ದೊಡ್ಡ ಕಾರಣ ಬೇಕೆ? ಅವರು ಬಿಡಲಿಲ್ಲ. 1922ರಲ್ಲಿ ಸಾಯುವ ಹೊತ್ತಿಗೆ ಆ ಕೆಲಸ ಮುಗಿದಿತ್ತು. ಇದೇ ಹೆಂಗಸು ಕ್ಷಾಮದ ಹುಡುಗಿಯರಿಗಾಗಿ ಒಂದು ಗುರಿಯನ್ನು ಒಂದು ಪ್ರಯಾಣದಲ್ಲಿ ಬದಲಾಯಿಸಿದಾಕೆ. ಅಲ್ಲಿ ಬದಲಾವಣೆಯನ್ನು ಬೇಡಿದ್ದು ಇನ್ನೊಬ್ಬರ ಹಸಿವು. ಇಲ್ಲಿ ಬೇಡಿದ್ದು ತನ್ನ ದುಃಖ. ಎರಡಕ್ಕೂ ಒಂದೇ ಉತ್ತರ ಕೊಡಬೇಕಾಗಿಲ್ಲವೆಂದು ಆಕೆ ಅರಿತಿದ್ದರು.

ನನಗೆ ಬೇಕಾಗಿದ್ದ ಅಳತೆಗೋಲು ಇಲ್ಲಿ ಸಿಕ್ಕಿತೆಂದು ತೋರುತ್ತದೆ. ಗುರಿ ಬದಲಾದಾಗ ಕೇಳಬೇಕಾದದ್ದು, ಇದನ್ನು ಬೇಡಿದವರು ಯಾರು ಎಂದು. ಎದುರಿಗೆ ನಿಂತ ಮನುಷ್ಯನ ಅಗತ್ಯವೆ, ಅಥವಾ ನನ್ನ ಬೇಸರ, ಭಯ, ಅಭಿಮಾನಗಳೆ? ಅಗತ್ಯವೇ ಬೇಡಿದ್ದಾದರೆ, ಹಳೆಯ ಗುರಿಯನ್ನು ನಂಬಿದ್ದವರಿಗೆ ಹೋಗಿ ಹೇಳಿದೆನೆ? ಕಷ್ಟದ ದಾರಿಯೇ ಯಾವಾಗಲೂ ಸರಿಯಾದ ದಾರಿ ಎಂದು ನಾನು ಹೇಳುವುದಿಲ್ಲ. ಕಷ್ಟವನ್ನೇ ಹುಡುಕಿಕೊಂಡು ಹೋಗುವುದೂ ಒಂದು ಬಗೆಯ ಜಂಬವಾಗಬಹುದು. ಆದರೆ ನನ್ನ ಆಲಸ್ಯ ಬಯಸಿದ್ದೂ ದೇವರು ಬಯಸಿದ್ದೂ ಮತ್ತೆ ಮತ್ತೆ ಒಂದೇ ಆಗುತ್ತಿದ್ದರೆ, ಅಲ್ಲಿ ಮಾತನಾಡುತ್ತಿರುವವನು ದೇವರೇ ಎಂಬ ಬಗ್ಗೆ ಸ್ವಲ್ಪ ಸಂದೇಹಪಡುವುದು ಒಳ್ಳೆಯದು.

ಈ ಮಾತನ್ನು ನನ್ನ ಸ್ನೇಹಿತರ ಮುಂದೆ ಇಟ್ಟೆ. ಅವರು ಒಳಗೆ ಹೋಗಿ ಆ ವರ್ಷದ ನೋಟ್‌ಬುಕ್ಕನ್ನು ತಂದರು. ಪೆನ್ಸಿಲು ಹಿಡಿದು, ನೆರವೇರದ ಒಂಬತ್ತು ಕೆಲಸಗಳನ್ನು ಒಂದೊಂದಾಗಿ ಓದುತ್ತಾ ಬಂದರು. ಐದರ ಮುಂದೆ, ವಿದ್ಯಾರ್ಥಿನಿಲಯದ ಹುಡುಗರು ತೆಗೆದುಕೊಂಡರು ಎಂದು ಬರೆದರು. ಆ ವರ್ಷ ಅಲ್ಲಿ ಜ್ವರ ಹಬ್ಬಿ, ರಾತ್ರಿಗಳನ್ನೆಲ್ಲ ಹುಡುಗರ ಹಾಸಿಗೆಯ ಪಕ್ಕದಲ್ಲಿ ಕಳೆದದ್ದನ್ನು ನಾನು ಬಲ್ಲೆ. ಹಳೆಯ ಒಡಂಬಡಿಕೆಯ ಟಿಪ್ಪಣಿಯ ಮುಂದೆ ಸ್ವಲ್ಪ ತಡೆದು, ‘ಸೋಮಾರಿತನ’ ಎಂದು ಬರೆದರು. ಇನ್ನೆರಡಕ್ಕೂ ಅದೇ ಮಾತು. ಮಾತು ಬಿಟ್ಟ ಹಿರಿಯರ ಹೆಸರು ಬಂದಾಗ ಪೆನ್ಸಿಲು ನಿಂತಿತು.

“ವರ್ಗವಾದದ್ದರಿಂದ ಆಗಲಿಲ್ಲ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ವರ್ಗದ ಕಾಗದ ಬಂದ ದಿನ ನನಗೆ ಮೊದಲು ಆದದ್ದು ದುಃಖವಲ್ಲ. ಇನ್ನು ಅವರ ಮನೆಗೆ ಹೋಗಬೇಕಾಗಿಲ್ಲವಲ್ಲ ಎಂಬ ನೆಮ್ಮದಿ” ಎಂದರು.

ರಾತ್ರಿಶಾಲೆಯ ಮಕ್ಕಳಿಗೂ ಅವರು ಹೇಳಿ ಬಂದಿರಲಿಲ್ಲ. ಅವಸರದಲ್ಲಿ ಹೊರಟುಬಿಟ್ಟಿದ್ದರು.

ಮುಂದಿನ ವಾರ ಅವರು ಬಸ್ಸು ಹಿಡಿದು ಆ ಹಳ್ಳಿಗೆ ಹೋದರು. ಹಿರಿಯರು ಬಾಗಿಲಲ್ಲಿಯೇ ನಿಲ್ಲಿಸಿ ಮಾತನಾಡಿಸಿದರಂತೆ, ಒಳಕ್ಕೆ ಕರೆಯಲಿಲ್ಲ. ಮಕ್ಕಳಲ್ಲಿ ನಾಲ್ಕೈದು ಮಂದಿ ಸಿಕ್ಕಿದರು. ಒಬ್ಬನು ಸ್ಲೇಟನ್ನು ಇನ್ನೂ ಇಟ್ಟುಕೊಂಡಿದ್ದ. ರಾತ್ರಿಶಾಲೆ ಮತ್ತೆ ಆರಂಭವಾಗಲಿಲ್ಲ. ಇದರಿಂದ ಏನು ಸಾಧಿಸಿದಂತಾಯಿತು ಎಂದು ಯಾರಾದರೂ ಕೇಳಬಹುದು. ನನ್ನ ಸ್ನೇಹಿತರು ಕೇಳಿಕೊಳ್ಳಲಿಲ್ಲ. ಈಗಲೂ ಡಿಸೆಂಬರ್ 31ರ ರಾತ್ರಿ ಅವರು ಹನ್ನೆರಡು ಕೆಲಸಗಳನ್ನು ಬರೆಯುತ್ತಾರೆ. ಆದರೆ ಮೊದಲಿನಂತೆ ಪುಟದ ತುಂಬ ಬರೆಯುವುದಿಲ್ಲ. ಪ್ರತಿಯೊಂದರ ಎದುರಿಗೂ ಒಂದೆರಡು ಸಾಲಿನಷ್ಟು ಜಾಗ ಬಿಟ್ಟಿರುತ್ತಾರೆ.